ಬಸ್ ಡ್ರೈವರನ ಕನ್ನಡಕ

ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಜಿನ ದೀಪ ಹಾಕಿ ಬೆಳಗಿನ ಮೊದಲ ಫ್ರೇಮನ್ನು ಕೈಗೆತ್ತಿಕೊಂಡಾಗಲೇ ಅವಳಿಗೆ ಗೊತ್ತಾಯಿತು, ನಿನ್ನೆಯ ಯೋಚನೆ ಮನೆಯಲ್ಲಿ ಉಳಿದಿಲ್ಲ, ತನ್ನ ಜೊತೆಗೇ ಹೊರಟು ಕೆಲಸಕ್ಕೆ ಬಂದಿದೆ ಎಂದು. ಬಸ್ ಡ್ರೈವರನ ಕನ್ನಡಕದಲ್ಲಿ ಬಲಗಣ್ಣಿನ ಗಾಜು ಎಡಕ್ಕೆ ಹೋಗಿದೆ, ಎಡಗಣ್ಣಿನದು ಬಲಕ್ಕೆ. ಹೋಗಿರಬಹುದು. ಹೋಗಿಲ್ಲ. ಹೋಗಿದ್ದರೆ? ತಲೆಯಲ್ಲಿ ಇದು ಸುತ್ತು ಹಾಕುತ್ತಿರುವಾಗ ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಮೆತ್ತಗೆ ಮಾಡಿತು, ಅಂಚು ಅರೆದ ಗಾಜನ್ನು ಮೂಗಿನ ಕಡೆಯಿಂದ ಕೂರಿಸಿ ಹೆಬ್ಬೆರಳಲ್ಲಿ ಒತ್ತಿತು, ಟಕ್ ಎಂದು ಗಾಜು ಕೂತಿತು. ಅವಳ ಕೈಗೆ ಅನುಮಾನ ಅನ್ನುವುದೇ ಗೊತ್ತಿಲ್ಲ. ಆ ಕೈಯಿಂದ ಹೋದ ಕನ್ನಡಕ ಹಾಕಿಕೊಂಡು ಜನ ಪರೀಕ್ಷೆ ಬರೆದಿದ್ದಾರೆ, ಸೂಜಿಗೆ ದಾರ ಪೋಣಿಸಿದ್ದಾರೆ, ಬೇಡದ ನೆಂಟರನ್ನು ದೂರದಿಂದಲೇ ಗುರುತು ಹಿಡಿದು ಪಕ್ಕದ ಓಣಿಗೆ ತಿರುಗಿಕೊಂಡಿದ್ದಾರೆ. ಈ ಊರಲ್ಲಿ ತನ್ನಷ್ಟು ಚೆನ್ನಾಗಿ ಗಾಜು ಕೂರಿಸುವವರು ಇನ್ನೊಬ್ಬರಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವಳಲ್ಲ, ಅಷ್ಟೆ. ಆದರೆ ಮನಸ್ಸು ಕೈಯ ಮಾತನ್ನು ಕೇಳಬೇಕಲ್ಲ.

ಬಲಗಣ್ಣಿನ ಗಾಜಿನ ಮೇಲೆ ಅವಳು ಶಾಯಿಯಲ್ಲಿ ಒಂದು ಚುಕ್ಕೆ ಇಡುತ್ತಾಳೆ. ಈ ಕೆಲಸ ಮಾಡುವವರೆಲ್ಲ ಏನೋ ಒಂದು ಗುರುತು ಇಡುತ್ತಾರೆ. ಒಂದೇ ಆಕಾರಕ್ಕೆ ಅರೆದ ಮೇಲೆ ಎರಡು ಗಾಜೂ ಅವಳಿ ಮಕ್ಕಳ ಹಾಗೆ, ಹೆತ್ತವಳಿಗೂ ಒಂದು ಕ್ಷಣ ಗೊಂದಲವೇ. ಕೂರಿಸಿದ ಮೇಲೆ ಸ್ಪಿರಿಟ್ಟಿನಲ್ಲಿ ಚುಕ್ಕೆ ಒರೆಸಿಬಿಟ್ಟರೆ ಆಯಿತು, ಸಾಕ್ಷಿಯೂ ಹೋಯಿತು. ಡ್ರೈವರನಿಗೆ ಬಲಗಣ್ಣಿನ ಪವರ್ ಹೆಚ್ಚು, ಎಡಗಣ್ಣಿನದು ಅದರ ಅರ್ಧವೂ ಇಲ್ಲ. ನಿನ್ನೆ ಆ ಚುಕ್ಕೆಯ ಗಾಜನ್ನು ಬೆರಳ ಮಧ್ಯೆ ಹಿಡಿದು ಇನ್ನೇನು ಫ್ರೇಮಿಗೆ ತರಬೇಕು ಅನ್ನುವಾಗ ಫೋನು ಟಿಣ್ ಅಂದಿತು. "ಈ ಕ್ಷಣದಲ್ಲಿ ನಿಮ್ಮ ಮನಸ್ಸು ಎಲ್ಲಿದೆ?" ಎಂದು ಚಿಂತೆ ಬಿಡಿಸುವ ಆ್ಯಪ್ ಕೇಳುತ್ತಿತ್ತು. ದಿನಕ್ಕೆ ಕೆಲವು ಸಲ, ಇಂಥದ್ದೇ ಹೊತ್ತು ಅಂತಿಲ್ಲ, ಅದು ಹೀಗೆ ಕೇಳುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ತಾನೇ ಕೂತು ಹಾಕಿಕೊಟ್ಟದ್ದು, "ಹಾಡಿದ್ದೇ ಹಾಡೋ ಕಿಸಬಾಯಿದಾಸ ನೀನು, ನಿನ್ನ ಕತೆ ಕೇಳೋಕೆ ನನಗೆ ಪುರುಸೊತ್ತಿಲ್ಲ, ಇದರ ಹತ್ರ ಹೇಳ್ಕೋ" ಅಂತ. ಅಕ್ಕನ ಆಸ್ಪತ್ರೆಯಲ್ಲಿ ಹಲವರಿಗೆ ಇದು ಗುಣ ಕೊಟ್ಟಿದೆಯಂತೆ. ಇವಳಿಗೂ ಕೊಟ್ಟಿತ್ತು, ಸುಳ್ಳು ಹೇಳಬಾರದು. ಕೇಳಿದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅವಳಿಗೆ ಸಮಾಧಾನವಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಗಾಜನ್ನು ಬಟ್ಟೆಯ ಮೇಲಿಟ್ಟು, ಬೆರಳು ಒರೆಸಿಕೊಂಡು, "ಕೆಲಸದಲ್ಲಿ" ಅನ್ನುವುದನ್ನು ಒತ್ತಿ, ತಿರುಗಿ ಗಾಜು ತೆಗೆದುಕೊಂಡಿದ್ದಳು. ಎರಡರಲ್ಲಿ ಯಾವುದನ್ನು ತೆಗೆದುಕೊಂಡೆ ಅನ್ನುವುದು ಈಗಿನ ಪ್ರಶ್ನೆ. ಕೆಲಸದಲ್ಲಿದ್ದೇನೆ ಎಂದು ಹೇಳಲು ಹೋಗಿ ಕೆಲಸ ಬಿಟ್ಟವಳು ತಾನೊಬ್ಬಳೇ ಇರಬೇಕು. ಜೋಡಿಸಿದ ಮೇಲೆ ಪವರ್ ನೋಡುವ ಯಂತ್ರಕ್ಕೆ ಕೊಟ್ಟು ನೋಡುವುದು ರೂಢಿ, ನೋಡಿದ್ದಳು. ನೋಡಿದ ನೆನಪೂ ಇತ್ತು. ಆದರೆ ಆ ನೆನಪನ್ನು ಎಷ್ಟು ಸಲ ಹೊರಗೆ ತೆಗೆದು ತಿರುವಿ ತಿರುವಿ ನೋಡಿದ್ದಳೆಂದರೆ, ಅದು ಮಾಸಿಹೋಗಿ, ನಿನ್ನೆಯದೋ ಮೊನ್ನೆಯದೋ ಹೇಳಲಾಗದ ಹಾಗೆ ಆಗಿತ್ತು.

ಡ್ರೈವರ್ ಬಂದದ್ದು ನಿನ್ನೆ ಮಧ್ಯಾಹ್ನ. ದಪ್ಪ ಕುತ್ತಿಗೆಯ ಮನುಷ್ಯ, ಖಾಕಿ ಅಂಗಿಯ ತೋಳು ಮಡಚಿದ್ದ. ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿ, ಬಾಗಿಲಿನಾಚೆ ರಸ್ತೆ ನೋಡಿ, "ಸ್ವಲ್ಪ ತಲೆ ತಿರುಗಿದ ಹಾಗೆ ಆಗುತ್ತಲ್ಲ" ಅಂದ. ಮಾಲೀಕರು ಎಲ್ಲರಿಗೂ ಹೇಳುವುದನ್ನೇ ಹೇಳಿದರು, "ಹೊಸದಲ್ವಾ, ಎರಡು ದಿನ ಹಾಗೇ ಇರುತ್ತೆ, ಆಮೇಲೆ ನೀವೇ ಹೇಳ್ತೀರ." ಅದು ನಿಜ. ಹೊಸ ಕನ್ನಡಕ ಹಾಕಿದ ಎಲ್ಲರಿಗೂ ತಲೆ ತಿರುಗುತ್ತದೆ, ನೆಲ ಒಂಚೂರು ಮೇಲೆ ಬಂದ ಹಾಗೆ ಕಾಣುತ್ತದೆ, ಮೆಟ್ಟಿಲು ಇಳಿಯುವಾಗ ಕಾಲು ತಡಕಾಡುತ್ತದೆ. ಆದರೆ ಎಡಬಲ ಅದಲುಬದಲಾದವರಿಗೂ ತಲೆಯೇ ತಿರುಗುವುದು. ಒಳಗಿನ ಕೋಣೆಯ ಪರದೆಯ ಸಂದಿಯಿಂದ ಅವಳು ನೋಡುತ್ತಿದ್ದಳು. ಎದ್ದು ಹೋಗಿ, ಒಂದ್ನಿಮಿಷ ಕೊಡಿ, ನೋಡಿಬಿಡ್ತೀನಿ, ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಳಲಿಲ್ಲ. ಏಳದಿದ್ದುದಕ್ಕೆ ಕಾರಣ ಹೋದ ತಿಂಗಳು ಇದೇ ಅಂಗಡಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದ ಶಾಲೆಯ ಮೇಷ್ಟ್ರು.

ಮೇಷ್ಟ್ರ ಕನ್ನಡಕದ ಬಗ್ಗೆಯೂ ಇಂಥದ್ದೇ ಅನುಮಾನ. ತಾನೇ ಫೋನು ಮಾಡಿ ಕರೆಸಿದ್ದಳು. ಅವರು ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದರು. ಯಂತ್ರದಲ್ಲಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಅದಕ್ಕೂ ಹಿಂದೆ ಇಬ್ಬರನ್ನು ಹೀಗೇ ಕರೆಸಿದ್ದಳು, ಅಲ್ಲಿಯೂ ಏನೂ ಇರಲಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವಳನ್ನು, ಮಗ್ಗಿ ಮರೆತ ಹುಡುಗಿಯನ್ನು ನೋಡುವ ಹಾಗೆ ನೋಡಿದರು. ಗಿರಾಕಿಗಳೆದುರೇ ಮಾಲೀಕರು ನಗುನಗುತ್ತಾ, "ನಮ್ಮಮ್ಮ ಬೀಗ ಹಾಕಿದ್ದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಬರ್ತಿದ್ರು. ನೀವು ಅವರನ್ನೂ ಮೀರಿಸಿದ್ರಿ ಬಿಡಿ" ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದೇ ಈಗಲೂ ಮೈ ಉರಿಸುವುದು. ಕೌಂಟರಿನವರು ಅವತ್ತಿನಿಂದ ಬೆನ್ನ ಹಿಂದೆ ಅವಳನ್ನು 'ಇನ್ನೊಂದ್ಸಲ ಮೇಡಂ' ಅನ್ನುತ್ತಾರೆ. ಅಂಗಡಿ ಮುಚ್ಚುವಾಗ ಮಾಲೀಕರು ನಗು ಬಿಟ್ಟು ಹೇಳಿದ್ದರು, "ನೋಡಿ, ನಿಮ್ಮ ಕೈಗೆ ನಾನು ಕೈ ಮುಗೀತೀನಿ. ಆದ್ರೆ ನಮ್ಮ ಕೆಲಸ ನಾವೇ ನಂಬದಿದ್ರೆ ಊರವರು ಯಾಕೆ ನಂಬ್ತಾರೆ? ಇನ್ನೊಂದು ಸಲ ಹೀಗಾದ್ರೆ ನೀವು ಮುಂದೆ ಕೌಂಟರಲ್ಲಿ ಫ್ರೇಮ್ ತೋರಿಸ್ಕೊಂಡಿರಿ. ಈ ಮೇಜಿಗೆ ಬೇರೆಯವರನ್ನ ನೋಡ್ತೀನಿ." ಈ ಮೇಜು ಅವಳದು. ಇದರ ಅಂಚಿನಲ್ಲಿ ಸವೆದ ಜಾಗ ಅವಳ ಮೊಣಕೈಯದು. ಕೌಂಟರಿನಲ್ಲಿ ನಿಂತು ನಿಮ್ಮ ಮುಖಕ್ಕೆ ದುಂಡಗಿನದು ಒಪ್ಪುತ್ತೆ ಸರ್ ಎಂದು ಜೀವಮಾನವಿಡೀ ಹೇಳುವುದನ್ನು ನೆನೆಸಿಕೊಂಡರೆ ಅವಳಿಗೆ ಅಳು ಬರುತ್ತಿತ್ತು.

ಹಾಗಾಗಿ ನಿನ್ನೆ ಸುಮ್ಮನೆ ಕೂತಳು. ಕೂತು, ಆ್ಯಪ್ ಹೇಳಿಕೊಟ್ಟಂತೆ, ಯೋಚನೆಯನ್ನು ಅದರ ಪೆಟ್ಟಿಗೆಗೆ ಹಾಕಿದಳು. ಅದರ ಪದ್ಧತಿ ಹಾಗೆ. ಹಗಲಲ್ಲಿ ತಲೆಗೆ ಹತ್ತಿಕೊಂಡದ್ದನ್ನು ಒಂದು ಸಾಲಿನಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು, ಸಂಜೆ ಏಳಕ್ಕೆ 'ಚಿಂತೆಯ ಸಮಯ', ಆಗ ಕಾಲು ಗಂಟೆ ಕೂತು ಮನಸಾರೆ ಚಿಂತೆ ಮಾಡಬಹುದು, ಉಳಿದ ಹೊತ್ತಲ್ಲಿ ಕೂಡದು. ಮೊದಲ ವಾರ ಅವಳಿಗೆ ನಗು ಬಂದಿತ್ತು. ಏಳಕ್ಕೆ ಸರಿಯಾಗಿ ಕೂತರೆ ಒಂದು ಚಿಂತೆಯೂ ಬರುವುದಿಲ್ಲ, ಕರೆದಾಗ ಬಾರದ ಬೆಕ್ಕಿನ ಹಾಗೆ. ಬೆಳಿಗ್ಗೆ ಎದೆ ಹಿಂಡಿದ್ದು ಸಂಜೆ ಓದಿದರೆ ಯಾರದೋ ಮಾತು ಅನ್ನಿಸುತ್ತಿತ್ತು. ಮನೆಯಲ್ಲಿ ಇದಕ್ಕೊಂದು ಮರ್ಯಾದೆಯೂ ಬಂದುಬಿಟ್ಟಿತ್ತು. ಅತ್ತೆಯಂತೂ ಗಡಿಯಾರ ನೋಡಿಕೊಂಡು, "ಬಾರೆ, ಏಳಾಯ್ತು, ಚಿಂತೆಗೆ ಕೂತ್ಕೋ" ಎಂದು ಕರೆಯುವುದಲ್ಲದೆ, "ನಿಂದೇ ಪೂರ್ತಿ ಮಾಡ್ಬೇಡ, ನಂಗೂ ಐದು ನಿಮಿಷ ಇಡು" ಎಂದು ಪಾಲು ಕೇಳುತ್ತಿದ್ದರು. ಅವರ ಮಂಡಿನೋವು, ಫೋನು ಮಾಡದ ತಂಗಿ, ಎದುರುಮನೆಯವರ ನಾಯಿ, ಎಲ್ಲ ಆ ಪೆಟ್ಟಿಗೆಗೇ. ಗಂಡ ಕೆಲಸದಿಂದ ಬಂದವನು ಚಪ್ಪಲಿ ಬಿಡುತ್ತಾ, "ಈಗ ಯಾರ ಸರದಿ?" ಎಂದು ಕೇಳಿ ಸದ್ದಿಲ್ಲದೆ ಒಳಗೆ ಹೋಗುತ್ತಿದ್ದ.

ನಿನ್ನೆ ಅತ್ತೆ ತಮ್ಮ ಪಾಲು ಮುಗಿಸಿ, ಕಾಲು ನೀವಿಕೊಳ್ಳುತ್ತಾ ಕೇಳಿದರು.

"ನಿಂದೇನೇ ಇವತ್ತು?"

"ಒಬ್ಬ ಬಸ್ ಡ್ರೈವರ್ ಕನ್ನಡಕ ಅತ್ತೆ. ಎಡ ಬಲ ಬದಲಾಗಿದ್ಯೇನೋ ಅಂತ."

"ಬದಲಾಗಿದ್ರೆ ಏನಾಗುತ್ತೆ?"

"ದೂರದ್ದು ನೆಟ್ಟಗೆ ಕಾಣಲ್ಲ. ತಲೆ ಸುತ್ತುತ್ತೆ. ಬಸ್ ತುಂಬ ಜನ ಇರ್ತಾರೆ."

ಅತ್ತೆ ಕಾಲು ನೀವುವುದನ್ನು ನಿಲ್ಲಿಸಿದರು. "ಇದನ್ನೂ ಪೆಟ್ಟಿಗೆಗೇ ಹಾಕಿದ್ಯಾ? ನನ್ನ ಮಂಡಿ ಹಾಕು, ಸರಿ. ಇದು ಬೇರೆ ಥರ ಇದ್ಯಲ್ಲೇ."

"ಎಲ್ಲಾನೂ ಹೀಗೇ ಅನ್ಸುತ್ತೆ ಅತ್ತೆ. ಮೇಷ್ಟ್ರದ್ದೂ ಹೀಗೇ ಅನ್ಸಿತ್ತು."

"ಅದೂ ಹೌದು. ಅನುಮಾನ ಪೆದ್ದ ರೋಗ ಅಂತ ಸುಮ್ನೆ ಅಂದಿದ್ದಾರಾ?" ಎಂದು ಅತ್ತೆ ಅಂದರು, ಆದರೆ ಆ ಗಾದೆಯಲ್ಲಿ ಅವರಿಗೇ ಪೂರ್ತಿ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಫೋನು ಟಿಣ್ ಎಂದು, "ನಿಮ್ಮ ಚಿಂತೆಯ ಸಮಯ ಮುಕ್ತಾಯವಾಗಿದೆ. ಅಭಿನಂದನೆಗಳು" ಅಂದಿತು. ಇಬ್ಬರೂ ಎದ್ದು ಅಡುಗೆಮನೆಗೆ ಹೋದರು.

ಇವತ್ತು ಬೆಳಿಗ್ಗೆ ಎರಡನೆಯ ಫ್ರೇಮು, ಮೂರನೆಯ ಫ್ರೇಮು. ಕೈ ತಪ್ಪಲಿಲ್ಲ. ಮಧ್ಯೆ ಒಮ್ಮೆ ಫೋನು ತೆಗೆದು ಅದೇ ಸಾಲನ್ನು ಮತ್ತೆ ಪೆಟ್ಟಿಗೆಗೆ ಹಾಕಲು ಹೋದಳು. ಒಂದೇ ಚಿಂತೆ ಮತ್ತೆ ಬಂದರೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ, ತನ್ನ ಆ ಪುಸ್ತಕದ ಭಾಷೆಯಲ್ಲಿ, "ಇದು ಏಕೆ ಹೀಗಾಯಿತು ಎಂಬುದನ್ನು ಬದಿಗಿಡಿ. ಇದರ ಕುರಿತು ಇಂದು ನೀವು ಮಾಡಬಹುದಾದ ಒಂದು ಕೆಲಸ ಇದೆಯೇ?" ಕೆಳಗೆ ಹೌದು, ಇಲ್ಲ. ಇಷ್ಟು ದಿನ ಅವಳು ಕಣ್ಣು ಮುಚ್ಚಿಕೊಂಡು 'ಇಲ್ಲ' ಒತ್ತಿದ್ದಳು, ಒತ್ತಿದ್ದು ಸರಿಯೂ ಆಗಿತ್ತು. ಆರು ವರ್ಷದ ಹಿಂದೆ ಓರಗಿತ್ತಿ ಅಂದ ಮಾತಿಗೆ ಇವತ್ತು ಮಾಡಬಹುದಾದ ಕೆಲಸ ಏನೂ ಇಲ್ಲ. ಅಪ್ಪ ತೀರಿಕೊಂಡ ದಿನ ತಾನು ಬೇಗ ಹೊರಡಬೇಕಿತ್ತು ಅನ್ನುವುದಕ್ಕೂ ಇಲ್ಲ. ಆದರೆ ಈ ಡ್ರೈವರ್ ಇದ್ದಾನೆ, ಬಿಲ್ಲಿನಲ್ಲಿ ಬರೆಸಿದ ಅವನ ಡಿಪೋ ಇದೆ, ಬಸ್ಸಿನಲ್ಲಿ ಹೋದರೆ ಊಟದ ಬಿಡುವಿನಲ್ಲಿ ಹೋಗಿ ಬರುವಷ್ಟು ದೂರ. ಬೆರಳು 'ಇಲ್ಲ'ದ ಮೇಲೆ ನಿಂತಿತು. ಅವಳಿಗೆ ಆಗ ಒಂದು ವಿಷಯ ನಿಚ್ಚಳವಾಗಿ ಕಂಡಿತು. ಕಂಡದ್ದಕ್ಕೆ ನಾಚಿಕೆಯೂ ಆಯಿತು. ಮೇಷ್ಟ್ರನ್ನು ಕರೆಸಿದ್ದು ಮೇಷ್ಟ್ರಿಗಾಗಿ ಅಲ್ಲ, ತನ್ನ ಎದೆಯ ಡವಡವ ನಿಲ್ಲಲಿ ಎಂದು. ಈಗ ಹೋಗದೆ ಕೂತಿರುವುದೂ ಮೇಜು ಹೋದೀತೆಂಬ ಹೆದರಿಕೆಗೆ. ಎರಡು ಸಲವೂ ಲೆಕ್ಕಕ್ಕೆ ಬಂದವಳು ತಾನೊಬ್ಬಳೇ, ಕನ್ನಡಕ ಹಾಕಿಕೊಳ್ಳುವವನು ಎಲ್ಲೂ ಬರಲಿಲ್ಲ. ಅವಳು 'ಹೌದು' ಒತ್ತಿದಳು. ಆ್ಯಪ್ "ಶುಭವಾಗಲಿ" ಅಂದಿತು.

ಊಟದ ಡಬ್ಬಿ ಬಿಚ್ಚದೆ ಹೊರಟಳು. ಡಿಪೋದ ಗೇಟಿನಲ್ಲಿ ಕಾವಲಿನವನು ಏನು ಕೆಲಸ ಅಂದಾಗ ಬಾಯಿಗೆ ಮೊದಲು ಬಂದದ್ದು ಒಂದು ಸುಳ್ಳು. ಫ್ರೇಮಿನ ಸ್ಕ್ರೂ ಬಿಗಿ ಮಾಡಬೇಕು ಅನ್ನಬಹುದು, ಅಂಗಡಿಯಿಂದ ಹೊಸ ಸೇವೆ ಅನ್ನಬಹುದು, ಅಷ್ಟು ಹೇಳಿ ಕನ್ನಡಕ ಕೈಗೆ ತೆಗೆದುಕೊಂಡರೆ ನೋಡಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ. ಡ್ರೈವರುಗಳ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಗೋಡೆಗೆ ಅಂಗಿಗಳು, ಮೂಲೆಯಲ್ಲಿ ಸೋರುವ ನಲ್ಲಿ. ಅವನು ಕನ್ನಡಕ ಹಾಕಿಕೊಂಡೇ ಪೇಪರು ಓದುತ್ತಿದ್ದ, ಪೇಪರನ್ನು ಮೂಗಿನಿಂದ ದೂರ ಹಿಡಿದು. ಅವಳು ಬಾಗಿಲಲ್ಲಿ ನಿಂತು ಕನ್ನಡಕದಂಗಡಿಯವಳು ಅಂದಕೂಡಲೇ ಬೆಂಚಿನ ಮೇಲೆ ಮಲಗಿದ್ದ ಇನ್ನೊಬ್ಬ ಡ್ರೈವರ್ ಎದ್ದು ಕೂತ. "ಏನಪ್ಪಾ, ಫ್ರೇಮ್ ಎತ್ಕೊಂಡು ಬಂದ್ಬಿಟ್ಯಾ? ಇಲ್ಲೀತನಕ ಹುಡುಕ್ಕೊಂಡು ಬಂದಿದ್ದಾರೆ."

ಅವಳು ಸುಳ್ಳನ್ನು ನುಂಗಿಕೊಂಡಳು. "ನಿಮ್ಮ ಕನ್ನಡಕಕ್ಕೆ ಗಾಜು ಕೂರಿಸಿದ್ದು ನಾನು. ಕೂರಿಸುವಾಗ ಎಡ ಬಲ ಅದಲುಬದಲು ಮಾಡಿದ್ನೇನೋ ಅಂತ ಅನುಮಾನ ಬಂತು. ಮಾಡಿರಲಿಕ್ಕಿಲ್ಲ. ಆದ್ರೂ ನೀವು ಬಸ್ ಓಡಿಸೋರು. ಒಂದ್ಸಲ ಕೊಟ್ರೆ ನೋಡಿ ಕೊಡ್ತೀನಿ."

ಅವನು ಎದ್ದು ಬಂದು ಕನ್ನಡಕ ತೆಗೆದು ಕೊಟ್ಟ. ಕನ್ನಡಕ ತೆಗೆದ ಮುಖಗಳನ್ನು ಅವಳು ಎಷ್ಟೋ ನೋಡಿದ್ದಾಳೆ. ಎಂಥ ಗಡಸು ಮನುಷ್ಯನೂ ಆ ಗಳಿಗೆಯಲ್ಲಿ ನಿದ್ದೆಯಿಂದ ಎದ್ದ ಮಗುವಿನ ಹಾಗೆ ಕಾಣುತ್ತಾನೆ. ಅವನೂ ಹಾಗೆಯೇ ಕಣ್ಣು ಕಿರಿದು ಮಾಡಿಕೊಂಡು, ಅವಳ ಕೈ ಇರುವ ಕಡೆಗೆ ಅಂದಾಜಿನಲ್ಲಿ ನೋಡುತ್ತಾ ನಿಂತ. ಯಂತ್ರ ಇಲ್ಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಿಟಕಿಯ ಕಂಬಿಗೆ ಎದುರಾಗಿ ಕನ್ನಡಕ ಹಿಡಿದು ಅತ್ತಿತ್ತ ಆಡಿಸಿದರೆ ಗಾಜಿನೊಳಗೆ ಕಂಬಿಯೂ ಜೊತೆಗೆ ಓಡುತ್ತದೆ. ಪವರ್ ಹೆಚ್ಚಿದ್ದರೆ ಹೆಚ್ಚು ಓಡುತ್ತದೆ, ಕಡಿಮೆ ಇದ್ದರೆ ಕಡಿಮೆ. ಎಡದ್ದರಲ್ಲಿ ಕಂಬಿ ಮೆಲ್ಲಗೆ ಅಲುಗಿತು. ಬಲದ್ದರಲ್ಲಿ ಜಿಗಿಯಿತು. ಸರಿಯಾಗಿತ್ತು. ಎಲ್ಲಿ ಇರಬೇಕೋ ಅಲ್ಲಿಯೇ ಇತ್ತು. ಸೆರಗಿನಲ್ಲಿ ಗಾಜು ಒರೆಸಬಾರದು ಎಂದು ಎಲ್ಲರಿಗೂ ಹೇಳುವವಳು ಸೆರಗಿನಲ್ಲೇ ಒರೆಸಿ ಕೊಟ್ಟಳು.

"ಸರಿ ಇದೆ."

"ಇದನ್ನ ಹೇಳೋಕೆ ಬಿಸಿಲಲ್ಲಿ ಇಷ್ಟು ದೂರ ಬಂದ್ರಾ?"

"ಹೂಂ."

ಅವನು ಕನ್ನಡಕ ಹಾಕಿಕೊಂಡು ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದ. "ನಿನ್ನೆ ತಲೆ ತಿರುಗ್ತಿತ್ತು, ಇವತ್ತು ಹಾಗೇನಿಲ್ಲ. ಕೇಳಿದ್ರೆ ಹೇಳ್ತಿದ್ದೆ." ಆಮೇಲೆ ಪೇಪರು ಮಡಚಿದ. "ನಮ್ಮ ಗಾಡಿ ನಿಮ್ಮಂಗಡಿ ಮುಂದೇನೇ ಹೋಗೋದು. ಹತ್ಕೊಳ್ಳಿ, ಈಗ ಎತ್ತುತ್ತೀನಿ." ಮಲಗಿದ್ದ ಡ್ರೈವರ್ ಅಷ್ಟರಲ್ಲಿ ತನ್ನ ಹಳೆಯ ಕನ್ನಡಕ ಹಿಡಿದುಕೊಂಡು ಬಂದು, "ಮೇಡಂ, ಇದರ ಕಿವಿ ಕಡೆ ಚುಚ್ಚುತ್ತೆ, ಇದನ್ನೂ ಒಂಚೂರು ನೋಡ್ಬಿಡಿ" ಅಂದ. ಅವಳು ಕಡ್ಡಿಯನ್ನು ಬೆರಳ ಮಧ್ಯೆ ಬಗ್ಗಿಸಿ ಸರಿ ಮಾಡಿ ಕೊಟ್ಟಳು.

ಬಸ್ಸಿನಲ್ಲಿ ಮಧ್ಯದ ಸೀಟು ಸಿಕ್ಕಿತು. ಗಾಳಿ ಬರುತ್ತಿತ್ತು. ಅವಳಿಗೆ ಖುಷಿಯಾಗಿತ್ತು, ಹಸಿವೂ ಆಗಿತ್ತು. ಎರಡು ಸ್ಟಾಪು ದಾಟುವ ತನಕ ಅವಳು ಬೇರೆ ಯಾರದೋ ತಲೆ ಹೊತ್ತುಕೊಂಡವಳ ಹಾಗೆ ಹಗುರವಾಗಿ ಕೂತಿದ್ದಳು. ಆಮೇಲೆ ಅದು ಬಂತು, ಬಹಳ ಮೆಲ್ಲಗೆ, ನೆರೆಮನೆಯವಳು ಸಕ್ಕರೆ ಕೇಳಲು ಬಂದ ಹಾಗೆ. ಕನ್ನಡಕ ಹಿಡಿದದ್ದು ಹೇಗೆ? ಕಡ್ಡಿಗಳು ನಿನ್ನ ಕಡೆಗಿದ್ದವೋ, ಕಿಟಕಿಯ ಕಡೆಗೋ? ಅವನು ಕೊಟ್ಟದ್ದು ಎದುರಿಗೆ ನಿಂತು. ಹಾಗೇ ಎತ್ತಿ ಹಿಡಿದಿದ್ದರೆ ಅವನ ಬಲ ನಿನ್ನ ಎಡ. ಆಗ ಜಿಗಿದದ್ದು ಯಾವುದು? ಹೀಗೊಂದು ತಪ್ಪು ಆಗುವುದುಂಟು, ಕೆಲಸ ಕಲಿಯುವವರು ಮೊದಲ ವಾರದಲ್ಲಿ ಮಾಡುವುದೇ ಅದನ್ನು. ತಾನು ತಿರುಗಿಸಿಕೊಂಡು ಹಿಡಿದಿದ್ದೆ. ಹಿಡಿದಿದ್ದೆನೇ? ಈಗಷ್ಟೇ ನಡೆದ ಆ ಗಳಿಗೆಯನ್ನು ಹೊರಗೆ ತೆಗೆದು ನೋಡಿದಳು, ಕಂಬಿ, ಗಾಜು, ಬೆರಳು. ಇನ್ನೊಮ್ಮೆ ನೋಡಿದಳು. ಎರಡನೆಯ ಸಲಕ್ಕೇ ಅದರ ಅಂಚು ಮಾಸತೊಡಗಿತು.

ಡ್ರೈವರ್ ಹತ್ತು ಹೆಜ್ಜೆ ಮುಂದೆ ಕೂತಿದ್ದ. ಕನ್ನಡಕ ಅವನ ಮೂಗಿನ ಮೇಲಿತ್ತು. ಸಿಗ್ನಲಿನಲ್ಲಿ ಬಸ್ಸು ನಿಂತಾಗ ಅವಳು ತನಗೆ ತಿಳಿಯದೆಯೇ ಎದ್ದು ನಿಂತು ಕಂಬಿ ಹಿಡಿದಿದ್ದಳು. ಕಂಡಕ್ಟರ್ ತಿರುಗಿ ನೋಡಿ, "ಇಲ್ಲಿ ಇಳಿಯೋ ಹಾಗಿಲ್ಲ. ಏನು, ಡ್ರೈವರ್ ಹತ್ರ ಏನಾದ್ರೂ ಹೇಳ್ಬೇಕಾ?" ಅಂದ. ಹೇಳಬೇಕಿತ್ತು. ಒಂದೇ ಒಂದು ಸಲ ಕೊಡಿ ಅನ್ನಬೇಕಿತ್ತು. ಅವನು ನಕ್ಕು ಕೊಟ್ಟೇ ಕೊಡುತ್ತಾನೆ, ಅವಳು ನೋಡುತ್ತಾಳೆ, ಸರಿ ಇರುತ್ತದೆ, ಮುಂದಿನ ಸ್ಟಾಪಿಗೆ ಇನ್ನೊಂದು ಪ್ರಶ್ನೆ ಸಿದ್ಧವಾಗಿ ಕಾದಿರುತ್ತದೆ. ಅದು ಅವಳಿಗೆ ಗೊತ್ತಿತ್ತು. ಇವತ್ತು ಗೊತ್ತಾದದ್ದಲ್ಲ, ಯಾವತ್ತಿನಿಂದಲೋ ಗೊತ್ತಿತ್ತು. ಬೆಳಿಗ್ಗೆ ಬಂದ ಪ್ರಶ್ನೆ ಡ್ರೈವರನ ಕಣ್ಣಿನದು, ಅದಕ್ಕೆ ಬಂದದ್ದಾಯಿತು. ಈಗಿನದು ಕಣ್ಣಿನದಲ್ಲ. ಇದು ಎಷ್ಟು ತಿಂದರೂ ಇನ್ನೂ ಬೇಕು ಅನ್ನುವ ಹೊಟ್ಟೆಬಾಕ. "ಏನಿಲ್ಲ" ಎಂದು ಅವಳು ಕೂತಳು. ಕೂತದ್ದರಿಂದ ಅದು ಹೋಗಲಿಲ್ಲ. ಎಡವೋ ಬಲವೋ, ಬಲವೋ ಎಡವೋ ಅನ್ನುತ್ತಲೇ ಇತ್ತು. ಬಸ್ಸು ಹೊರಟು, ಮುಂದಿನ ತಿರುವಿನಲ್ಲಿ ನಿಂತಿದ್ದ ಲಾರಿಗೂ ಗೋಡೆಗೂ ನಡುವೆ, ಒಬ್ಬ ಸೈಕಲ್ಲಿನವನಿಗೂ ಜಾಗ ಬಿಟ್ಟುಕೊಂಡು ದಾಟಿತು. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ತಲೆ ತಕ್ಷಣ ಅಂದಿತು. ಆಗದಿದ್ದರೆ ಬೇಡ ಎಂದು ಅವಳು ಕಿಟಕಿಯಾಚೆ ನೋಡಿದಳು.

ಅಂಗಡಿಯ ಸ್ಟಾಪು ಬಂತು. ಮುಂದಿನ ಬಾಗಿಲು ಹತ್ತಿರ, ಡ್ರೈವರನ ಪಕ್ಕವೇ ಇಳಿಯಬಹುದು, ಇಳಿಯುವಾಗ ಒಂದು ಮಾತು ಕೇಳಬಹುದು. ಅವಳು ಜನರ ಮಧ್ಯೆ ನುಗ್ಗಿಕೊಂಡು, ಯಾರದೋ ಕಾಲು ತುಳಿದು ಬೈಸಿಕೊಂಡು, ಹಿಂದಿನ ಬಾಗಿಲಿನಿಂದ ಇಳಿದಳು. ಬಸ್ಸು ಹೋಯಿತು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮಾಲೀಕರು ಕೌಂಟರಿನ ಹಿಂದಿನಿಂದ, "ಎಲ್ಲಿಗೆ ಹೋಗಿದ್ರಿ? ಡಬ್ಬಿ ಇಲ್ಲೇ ಇದೆ" ಅಂದರು.

"ಬಸ್ ಡಿಪೋಗೆ. ನಿನ್ನೆ ಡ್ರೈವರ್ ಒಬ್ರು ಬಂದಿದ್ರಲ್ಲ, ಅವರ ಕನ್ನಡಕ ನೋಡ್ಕೊಂಡು ಬರೋಕೆ. ಎಡ ಬಲ ಬದಲಾಗಿದ್ಯೇನೋ ಅಂತ ಅನುಮಾನ ಇತ್ತು."

ಕೌಂಟರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕರು ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟರು. "ಮತ್ತೆ?"

"ಸರಿ ಇತ್ತು."

"ಖಂಡಿತಾನಾ?"

ಅವರು ಅಣಕಿಸಲು ಕೇಳಿದ್ದೋ ನಿಜವಾಗಿ ಕೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿಸಿಕೊಂಡ ಪ್ರಶ್ನೆಯೇ ಅದು, ಅದೇ ರಾಗದಲ್ಲಿ. ಹೊರಗಿನಿಂದ ಕೇಳಿದರೆ ಅದು ಇಷ್ಟು ಸಣ್ಣದು ಎಂದು ಅವಳಿಗೆ ಆಶ್ಚರ್ಯವಾಯಿತು.

"ಖಂಡಿತ ಅಂತ ನಂಗೆ ಯಾವತ್ತೂ ಅನ್ಸಲ್ಲ ಸರ್. ನೋಡಿದ್ದಾಯ್ತು."

ಅವರು ಇನ್ನೇನಾದರೂ ಹೇಳುವ ಮೊದಲೇ ಅವಳು ಪರದೆ ಸರಿಸಿ ಒಳಗೆ ಹೋದಳು, ಕುರ್ಚಿ ಎಳೆದುಕೊಂಡು ತನ್ನ ಮೇಜಿಗೆ ಕೂತಳು, ಡಬ್ಬಿ ಬಿಚ್ಚಿದಳು. ತಲೆಯೊಳಗೆ ಅದು ಇನ್ನೂ ಕೇಳುತ್ತಿತ್ತು. ಅವಳು ನಿಧಾನವಾಗಿ, ಹೊಟ್ಟೆ ತುಂಬ ಊಟ ಮಾಡಿದಳು.